ಪೈಪು ತೆಗೆಸಿದ್ರಾ, ಭಾವ?

ಪರದೆಯ ಮೇಲೆ ಅದು ಕಾಣಿಸಿದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಎಕ್ಸ್‌ರೇ ಯಂತ್ರದವನ ಮೇಲೆ ರೇಗಿದ್ದು. ಹಿಂದಿನ ರೋಗಿಯ ಚಿತ್ರ ಅಳಿಸದೆ ಹಾಗೇ ಬಿಟ್ಟಿದ್ದೀಯಲ್ಲ, ಕಣ್ಣು ಎಲ್ಲಿಟ್ಟುಕೊಂಡು ಕೆಲಸ ಮಾಡ್ತೀಯಾ ಎಂದು ಬೈದೆ. ಅವನು ಪೆಡಲನ್ನು ಇನ್ನೊಮ್ಮೆ ಒತ್ತಿದ ಅಷ್ಟೆ. ಮೇಜಿನ ಮೇಲೆ ಮಲಗಿದ್ದವರ ಎದೆ ಉಸಿರಿಗೆ ಏರಿತು, ಪರದೆಯ ಮೇಲಿನ ಪಕ್ಕೆಲುಬೂ ಏರಿತು. ಅದರ ಕೆಳಗೆ, ಎರಡೂ ತುದಿ ಸುರುಳಿ ಸುತ್ತಿಕೊಂಡಿದ್ದ ಒಂದು ದಟ್ಟ ಗೆರೆಯೂ ಜೊತೆಯಲ್ಲೇ ಏರಿ ಇಳಿಯಿತು.

ಮೇಜಿನ ಮೇಲೆ ಮಲಗಿದ್ದವರು ನಮ್ಮ ಭಾವ, ನನ್ನ ಒಡಹುಟ್ಟಿದ ಅಕ್ಕನ ಗಂಡ. ಆ ಗೆರೆ ಒಂದು ಪ್ಲಾಸ್ಟಿಕ್ ಪೈಪು. ಮೂರೂವರೆ ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಇದೇ ಮೇಜಿನ ಮೇಲೆ, ಅವರ ಪಿತ್ತನಾಳಕ್ಕೆ ಹಾಕಿದ್ದು. ಮೂರು ತಿಂಗಳಿಗೆ ತೆಗೆಯಬೇಕಿತ್ತು. ತೆಗೆದಾಗಿದೆ ಎಂದು ಪುಸ್ತಕದಲ್ಲಿ ಹಸಿರು ಶಾಯಿಯಲ್ಲಿ ಗುರುತು ಹಾಕಿದವಳು ನಾನು. ಅವತ್ತು ಬೆಳಿಗ್ಗೆ ಕೂಡ ನಾಲ್ಕು ಜನರ ಎದುರು ಎದೆ ತಟ್ಟಿಕೊಂಡು ಹಾಗೇ ಹೇಳಿದ್ದೆ.

ನಾನು ಎಂಡೋಸ್ಕೋಪಿ ವಿಭಾಗದ ನರ್ಸ್, ಇಪ್ಪತ್ತೊಂದು ವರ್ಷದ ಸರ್ವೀಸು. ಬಾಯಿಯಿಂದ ಕ್ಯಾಮೆರಾ ಇಳಿಸಿ ಹೊಟ್ಟೆ ಹುಣ್ಣು ನೋಡುವುದಷ್ಟೇ ನಮ್ಮ ಕೆಲಸ ಎಂದುಕೊಂಡವರಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಲಿವರಿನಲ್ಲಿ ಹುಟ್ಟುವ ಪಿತ್ತರಸ ಒಂದು ಸಣ್ಣ ಚೀಲದಲ್ಲಿ ನಿಂತು, ಊಟವಾದಾಗ ನಾಳದಲ್ಲಿ ಹರಿದು ಕರುಳಿಗೆ ಬೀಳುತ್ತದೆ. ಆ ಚೀಲದಲ್ಲಿ ಕಟ್ಟಿದ ಕಲ್ಲು ಜಾರಿ ನಾಳದಲ್ಲಿ ಕೂತರೆ ಕಣ್ಣು ಹಳದಿಯಾಗುತ್ತದೆ, ಚಳಿಜ್ವರ ಹಿಡಿಯುತ್ತದೆ. ಆಗ ಹೊಟ್ಟೆ ಕೊಯ್ಯದೆ, ಬಾಯಿಯಿಂದಲೇ ಸ್ಕೋಪ್ ಇಳಿಸಿ, ನಾಳದ ಬಾಯನ್ನು ಚೂರು ಅಗಲ ಮಾಡಿ ಕಲ್ಲನ್ನು ಕರುಳಿಗೆ ಎಳೆದು ಹಾಕುತ್ತಾರೆ. ಎಲ್ಲ ಕಲ್ಲೂ ಬಂದಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ, ರಸ ಹರಿಯಲೆಂದು ಬೆರಳುದ್ದದ ಒಂದು ಪೈಪು ಇಡುತ್ತಾರೆ. ಡಾಕ್ಟರುಗಳು ಅದಕ್ಕೆ ಸ್ಟೆಂಟ್ ಅನ್ನುತ್ತಾರೆ. ರೋಗಿಗಳಿಗೆ ಅದು ಪೈಪು, ಅವರ ಜೊತೆ ಮಾತಾಡಿ ಮಾತಾಡಿ ನನಗೂ ಪೈಪೇ.

ತೆಗೆಯುವುದು ಐದು ನಿಮಿಷದ ಕೆಲಸ. ಕಷ್ಟವಿರುವುದೆಲ್ಲ ರೋಗಿಯನ್ನು ವಾಪಸ್ ಕರೆಸುವುದರಲ್ಲಿ. ನೋವು ಹೋದಮೇಲೆ ಆಸ್ಪತ್ರೆಯ ಮುಖ ಯಾರಿಗೆ ಬೇಕು? ಒಳಗಿರುವ ಪೈಪು ಕೂಗಿ ಕರೆಯುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದು ಮೆಲ್ಲಗೆ ಕಟ್ಟಿಕೊಳ್ಳುತ್ತದೆ, ಒಂದು ದಿನ ನಾಳವಿಡೀ ಕೀವು ತುಂಬುತ್ತದೆ, ಆ ಕೀವು ರಕ್ತಕ್ಕೆ ಸೇರುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ಉದ್ದನೆಯ ಪುಸ್ತಕವಿದೆ, ಅದು ನನ್ನ ಕೈಯಲ್ಲಿದೆ. ತಾರೀಕು ಬಂದವರಿಗೆಲ್ಲ ಫೋನು ಮಾಡುತ್ತೇನೆ. ಎತ್ತದಿದ್ದರೆ ಹೆಂಡತಿಗೆ, ಮಗಳಿಗೆ, ಪಕ್ಕದ ಅಂಗಡಿಯವನಿಗೆ ಮಾಡುತ್ತೇನೆ. ಒಬ್ಬ ಲಾರಿ ಡ್ರೈವರನ್ನು ಪೆಟ್ರೋಲ್ ಬಂಕಿನಲ್ಲಿ ಹಿಡಿದು ಗಾಡಿಯ ಮುಂದೆ ನಿಂತು ಎಳೆತಂದಿದ್ದೇನೆ. ಆಸ್ಪತ್ರೆಯಲ್ಲಿ ನನಗೆ ಪೈಪ್ ಪೊಲೀಸಮ್ಮ ಅಂತ ಹೆಸರು. ಹೊರಗೆ ಸಿಡುಕಿದರೂ ಆ ಹೆಸರು ಕೇಳಿದರೆ ಒಳಗೊಳಗೇ ಉಬ್ಬುತ್ತಿದ್ದೆ.

ಬೇರೆ ಕಡೆ ತೆಗೆಸಿದೆ ಅನ್ನುವವರನ್ನು ನಾನು ನಂಬುವುದೇ ಇಲ್ಲ. ಯಾವ ತಾರೀಕು, ಯಾವ ಆಸ್ಪತ್ರೆ, ಬಾಯಿಂದ ತೆಗೆದರಾ, ಕಾಗದ ಕೈಯಲ್ಲಿದೆಯಾ? ಇಷ್ಟಕ್ಕೂ ಉತ್ತರ ಬಂದಮೇಲೇ ಹಸಿರು ಗುರುತು. ಪುಸ್ತಕದಲ್ಲಿ ಅದಕ್ಕಾಗಿ ನಾಲ್ಕು ಖಾನೆ ಗೀಚಿಟ್ಟಿದ್ದೇನೆ.

ಭಾವ ಪ್ಲಂಬರ್. ಊರಿನ ಅರ್ಧ ಮನೆಗಳ ನಲ್ಲಿ, ಟ್ಯಾಂಕು, ಬಚ್ಚಲುಗಳ ಜಾತಕ ಅವರ ತಲೆಯಲ್ಲಿದೆ. ಮೂರೂವರೆ ವರ್ಷದ ಹಿಂದೆ ಒಂದು ಮಹಡಿ ಮನೆಯ ಟ್ಯಾಂಕಿನ ಹತ್ತಿರ ಹೊಟ್ಟೆ ಹಿಡಿದುಕೊಂಡು ಕೂತವರನ್ನು ಜೊತೆಗಾರರು ನಮ್ಮಲ್ಲಿಗೆ ಕರೆತಂದರು. ಹೊರಗಿನಿಂದ ಮಾಡಿದ ಸ್ಕ್ಯಾನಿನಲ್ಲಿ ಚೀಲದ ಕಲ್ಲು ಕಂಡವು, ನಾಳದ ಕೊನೆ ಮಾತ್ರ ಗಾಳಿ ತುಂಬಿದ ಕರುಳಿನ ಹಿಂದೆ ಮರೆಯಾಗಿತ್ತು. ದೊಡ್ಡ ಡಾಕ್ಟರು ತುದಿಯಲ್ಲೇ ಸ್ಕ್ಯಾನ್ ಇರುವ ಸ್ಕೋಪನ್ನು ಬಾಯಿಂದ ಇಳಿಸಿ ಒಳಗಿನಿಂದ ನೋಡಿದರು. ನಾಳದಲ್ಲಿ ಬಟಾಣಿ ಗಾತ್ರದ ಮೂರು ಕಲ್ಲು ಸಾಲಾಗಿ ಕೂತಿದ್ದವು. ಎರಡು ಇಡಿಯಾಗಿ ಬಂದವು, ಒಂದು ಒಡೆದು ಚೂರಾಯಿತು. ಚೂರು ಉಳಿದಿರಬಹುದೆಂದು ಪೈಪು ಇಟ್ಟರು.

ಒಳಗೆ ಹೋಗುವಾಗ ಭಾವನ ಬಾಯಿಗೆ ಬಿಡುವಿರಲಿಲ್ಲ. ಊರವರ ಪೈಪೆಲ್ಲ ನೋಡಿದವನಿಗೆ ತನ್ನ ಪೈಪು ನೋಡೋಕೆ ನಾದಿನಿ ಬೇಕಾಯಿತಲ್ಲ ಎಂದು ನನ್ನನ್ನು ಗೋಳು ಹೊಯ್ದುಕೊಂಡರು. ಹೊರಬರುವಾಗ ಕಥೆಯೇ ಬೇರೆ. ಮಂಪರು ಇಳಿಯುತ್ತಿದ್ದಂತೆ ಐವತ್ತರ ಗಂಡಸು ಅಮ್ಮಾ ಅಮ್ಮಾ ಎಂದು ಬಿಕ್ಕಿಬಿಕ್ಕಿ ಅತ್ತರು, ಅಲ್ಲಿದ್ದ ವಾರ್ಡ್ ಆಯಾಳನ್ನೇ ಅಮ್ಮ ಅಂದುಕೊಂಡು ಸೆರಗು ಹಿಡಿದುಕೊಂಡರು. ನಮ್ಮ ವಿಭಾಗದವರು ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕಿದ್ದರು, ನಾನೂ ನಕ್ಕಿದ್ದೆ. ಆಮೇಲೆ ಮೂರು ವಾರಕ್ಕೆ ಚೀಲವನ್ನೇ ಆಪರೇಷನ್ ಮಾಡಿ ತೆಗೆದರು. ಭಾವ ಮನೆಗೆ ಹೋದರು, ಕೆಲಸಕ್ಕೂ ಹೋದರು.

ಮೂರನೆಯ ತಿಂಗಳಿಗೆ ಪುಸ್ತಕದಲ್ಲಿ ಅವರ ಸಾಲು ಬಂತು. ಊಟದ ಡಬ್ಬಿ ಮುಂದಿಟ್ಟುಕೊಂಡು ಫೋನು ಮಾಡಿದೆ. ಆ ಮಾತು ನನಗೆ ಈಗ ಅಕ್ಷರ ಅಕ್ಷರವಾಗಿ ನೆನಪಿದೆ.

"ಪೈಪು ತೆಗೆಸಿದ್ರಾ, ಭಾವ?"

"ಓ, ತೆಗೆಸ್ದೆ ಕಣಮ್ಮ. ಹೋದ ವಾರಾನೇ ಆಯ್ತು."

"ಎಲ್ಲಿ? ನಮ್ಮಲ್ಲಿಗೆ ಬರಲೇ ಇಲ್ವಲ್ಲ."

"ನಿಮ್ಮಲ್ಲಿಗೆ ಬಂದು ಇನ್ನೊಂದು ಸಲ ಮಾನ ಕಳ್ಕೊಳ್ಲಾ? ಬೇರೆ ಕಡೆ ಹೋಗಿದ್ದೆ. ಅದನ್ನೆಲ್ಲ ನಾದಿನಿ ಹತ್ರ ಬಿಡಿಸಿ ಹೇಳೋಕಾಗುತ್ತಾ? ಇಡು ಫೋನು."

ಆಯಾಳ ಸೆರಗಿನ ನೆನಪಾಗಿ ನನಗೆ ನಗು ಉಕ್ಕಿತು, ಅನ್ನ ನೆತ್ತಿಗೆ ಹತ್ತಿತು. ಕೆಮ್ಮುತ್ತಲೇ ಹಸಿರು ಪೆನ್ನು ತೆಗೆದು ಗುರುತು ಹಾಕಿದೆ. ನಾಲ್ಕು ಖಾನೆಗಳನ್ನು ಖಾಲಿ ಬಿಟ್ಟೆ. ಮನೆಯವರಿಗೆ ಅದೆಲ್ಲ ಯಾಕೆ ಅನ್ನಿಸಿತು.

ಅದಾಗಿ ಒಂದೆರಡು ವಾರಕ್ಕೆ ಅಕ್ಕ ಫೋನು ಮಾಡಿದಳು. ಬೀರು ಒರೆಸುವಾಗ ಆಸ್ಪತ್ರೆಯ ಕಾರ್ಡು ಸಿಕ್ಕಿತಂತೆ, ಅದರಲ್ಲಿ ಕೆಂಪು ಅಕ್ಷರದಲ್ಲಿ ಏನೋ ತಾರೀಕು ಹಾಕಿದ್ದಾರಂತೆ. ಅದು ಪೈಪಿನದು, ಆ ಕೆಲಸ ಮುಗಿದಿದೆ, ಎಸೆ ಅತ್ತ ಎಂದೆ. ನಿನಗೆ ಗೊತ್ತಿದ್ದರೆ ಸಾಕು ಬಿಡು ಪುಟ್ಟಿ ಎಂದಳು ಅಕ್ಕ. ನನಗಿಂತ ಏಳು ವರ್ಷ ದೊಡ್ಡವಳು. ನನ್ನ ಜಡೆ ಹೆಣೆದವಳು, ನನ್ನ ನರ್ಸಿಂಗ್ ಫಾರಂ ತುಂಬಿ ಕೈಹಿಡಿದು ಕರೆದುಕೊಂಡು ಹೋದವಳು. ಕಾಯಿಲೆ ಕಸಾಲೆಯ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ಅವಳಿಗೆ ಕೊನೆಯ ಮಾತು.

ಇಷ್ಟು ಹಿಂದಿನದು. ಈಗ ಆ ಬೆಳಗಿನದು ಹೇಳುತ್ತೇನೆ.

ಏಳೂವರೆಗೆ ಅಕ್ಕ ಆಟೋದಲ್ಲಿ ಭಾವನನ್ನು ಕರೆತಂದಳು. ಎರಡು ದಿನದಿಂದ ಜ್ವರವಂತೆ, ಮಾತ್ರೆ ನುಂಗಿ ಕೆಲಸಕ್ಕೆ ಹೋಗಿದ್ದರಂತೆ. ಆಟೋ ಇಳಿಯುವಾಗ ಹಲ್ಲು ಕಟಕಟ ಎನ್ನುತ್ತಿತ್ತು, ಕಣ್ಣಿನ ಬಿಳಿ ಭಾಗ ಮಾವಿನಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನಾಳದಲ್ಲಿ ಮತ್ತೆ ಕಲ್ಲು ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾಯಿತು ಅಂದುಕೊಂಡೆ. ಎಮರ್ಜೆನ್ಸಿಯ ಡ್ಯೂಟಿ ಡಾಕ್ಟರು, ಬಂದು ಇನ್ನೂ ವರ್ಷವಾಗದ ಹೆಣ್ಣುಮಗಳು, ಸ್ಕ್ಯಾನ್ ಮಾಡುತ್ತಾ ಮಾಡುತ್ತಾ ಕೈ ನಿಲ್ಲಿಸಿದಳು. ನಾಳ ಊದಿದೆ, ಆದರೆ ಒಳಗೆ ಜೋಡಿ ಗೆರೆ ಕಾಣುತ್ತಿದೆ, ಹಳೆಯ ಸ್ಟೆಂಟ್ ಏನಾದರೂ ಉಳಿದಿರಬಹುದಾ ಎಂದು ಮೆಲ್ಲಗೆ ಕೇಳಿದಳು.

"ಸಾಧ್ಯಾನೇ ಇಲ್ಲ," ಎಂದೆ. "ಇವರು ನಮ್ಮ ಮನೆಯವರು. ತೆಗೆದಾಗಿದೆ, ಪುಸ್ತಕದಲ್ಲಿ ನಾನೇ ಬರೆದಿದೀನಿ."

ಪಾಪ, ಅವಳು ನನ್ನ ಮುಖ ನೋಡಿದಳು, ಇನ್ನೊಮ್ಮೆ ಪರದೆ ನೋಡಿದಳು. ಅವಳ ವಯಸ್ಸು ನನ್ನ ಸರ್ವೀಸಿಗಿಂತ ನಾಲ್ಕೈದು ವರ್ಷ ಜಾಸ್ತಿಯಿದ್ದರೆ ಹೆಚ್ಚು. ರಿಪೋರ್ಟಿನಲ್ಲಿ ಆ ಸಾಲು ಅಳಿಸಿ ಕಲ್ಲಿನ ಅನುಮಾನ ಎಂದು ಬರೆದಳು. ಹಳೆಯ ಸ್ಟೆಂಟ್ ಕಟ್ಟಿಕೊಂಡಿದೆ ಎಂದಿದ್ದರೆ ಭಾವನನ್ನೇ ಮೊದಲು ಒಳಗೆ ತರುತ್ತಿದ್ದರು. ಕಲ್ಲು ಅಂದಮೇಲೆ ಆಂಟಿಬಯೋಟಿಕ್ ಹಾಕಿ, ಡ್ರಿಪ್ ಹಾಕಿ, ಪಟ್ಟಿಯಲ್ಲಿ ಮೂರನೆಯವರನ್ನಾಗಿ ಮಾಡಿದರು. ಅಷ್ಟೂ ಹೊತ್ತು ನಾನು ಒಳಗೆ ಬೇರೆಯವರ ಕರುಳು ನೋಡಲು ಸಹಾಯ ಮಾಡುತ್ತಾ ನಿಂತಿದ್ದೆ. ಹತ್ತೂವರೆಗೆ ವಾರ್ಡಿನಿಂದ ಫೋನು ಬಂತು. ಬಿಪಿ ಎಂಬತ್ತಕ್ಕೆ ಇಳಿದಿದೆ, ಮಾತು ತೊದಲುತ್ತಿದೆ ಎಂದರು. ಟ್ರಾಲಿ ತಳ್ಳಿಕೊಂಡು ಓಡಿಬಂದರು. ಭಾವ ನನ್ನನ್ನು ನೋಡಿದರು, ಗುರುತು ಹಿಡಿಯಲಿಲ್ಲ.

ಆಮೇಲೆ ಆದದ್ದೇ ಆ ಪರದೆ.

ದೊಡ್ಡ ಡಾಕ್ಟರು ಸ್ಕೋಪ್ ಇಳಿಸುತ್ತಾ ಕರುಳಿನ ತಿರುವು ದಾಟಿದರು. ಇನ್ನೊಂದು ಪರದೆಯಲ್ಲಿ, ಕ್ಯಾಮೆರಾದ ಬೆಳಕಿನಲ್ಲಿ, ನಾಳದ ಬಾಯಿ ಬಂತು. ಅದರಿಂದ ಪೈಪಿನ ತುದಿ ಹೊರಗೆ ಇಣುಕುತ್ತಿತ್ತು. ಹಾಕಿದಾಗ ನೀಲಿಯಿದ್ದದ್ದು ಈಗ ಇದ್ದಿಲಿನ ಹಾಗೆ ಕಪ್ಪಾಗಿ, ಮೈತುಂಬ ಕೆಸರು ಮೆತ್ತಿಕೊಂಡಿತ್ತು.

"ಇದು ಯಾವಾಗ ಹಾಕಿದ್ದು?" ಎಂದು ಕೇಳಿದರು ಡಾಕ್ಟರು.

"ಮೂರೂವರೆ ವರ್ಷ ಆಯ್ತು ಸಾರ್."

"ತೆಗೆದಿದೆ ಅಂದ್ರಿ."

ಅವರು ಸ್ನೇರ್ ಎಂದು ಕೈಚಾಚಿದರು. ಸ್ಕೋಪಿನೊಳಗಿಂದ ಹೋಗುವ ತೆಳು ತಂತಿಯ ಕುಣಿಕೆ ಅದು. ಅದನ್ನು ಪೈಪಿನ ತುದಿಗೆ ಹಾಕುವುದು ಡಾಕ್ಟರು, ಈಚೆಯಿಂದ ಹಿಡಿಯನ್ನು ಎಳೆದು ಬಿಗಿಯುವುದು ನಾನು. ಇಪ್ಪತ್ತೊಂದು ವರ್ಷದಲ್ಲಿ ಸಾವಿರ ಸಲ ಮಾಡಿದ ಕೆಲಸ. ಬಿಗಿ, ಎಂದರು. ಬಿಗಿದೆ. ಡಾಕ್ಟರು ಸ್ಕೋಪನ್ನು ಹಿಂದಕ್ಕೆ ಎಳೆದರು, ಪೈಪು ಅಲುಗಲಿಲ್ಲ. ಅದರ ಸುತ್ತಲೂ ಕಲ್ಲು ಬೆಳೆದಿತ್ತು, ಕಾಂಕ್ರೀಟಿನಲ್ಲಿ ಹೂತ ಕಂಬಿಯ ಹಾಗೆ. ಇನ್ನೊಮ್ಮೆ ಎಳೆದರು. ಅರಿವಳಿಕೆಯ ಡಾಕ್ಟರು ಬಿಪಿ ಎಪ್ಪತ್ತು ಎಂದು ಕೂಗಿದರು. ಮೂರನೆಯ ಸಲ ಎಳೆದಾಗ ನನ್ನ ಕೈಗೆ ಒಂದು ಸಣ್ಣ ಲಟಕ್ ತಾಗಿತು. ಪೈಪು ಅರ್ಧಕ್ಕೆ ಮುರಿದಿತ್ತು.

ಮುರಿದ ತುಂಡಿನ ಹಿಂದೆಯೇ ಕೀವು ಬಂತು. ಹಸಿರು ಬೆರೆತ ಗಟ್ಟಿ ಕೀವು, ಪರದೆಯನ್ನೆಲ್ಲ ಮುಚ್ಚಿತು. ನಾನು ಏನೇನೋ ನೋಡಿದವಳು, ವಾಂತಿ ರಕ್ತ ಯಾವುದಕ್ಕೂ ಮುಖ ತಿರುಗಿಸಿದವಳಲ್ಲ. ಅವತ್ತು ಮುಖ ತಿರುಗಿಸಿದೆ. ಆ ಕೀವಿನ ಒಂದೊಂದು ತೊಟ್ಟನ್ನೂ ನಾನೇ ಕೂತು ತುಂಬಿಸಿದಂತೆ ಅನ್ನಿಸಿತು. ಡಾಕ್ಟರು ಸಂದಿಯಲ್ಲಿ ತಂತಿ ನುಗ್ಗಿಸಿ, ಉಳಿದ ತುಂಡಿನ ಪಕ್ಕದಲ್ಲೇ ಹೊಸ ಪೈಪು ಹಾಕಿದರು. ಕೀವು ಅದರೊಳಗಿಂದ ಹರಿಯತೊಡಗಿತು. ಒಳಗುಳಿದ ಅರ್ಧ ಪೈಪಿಗೂ ಕಲ್ಲಿಗೂ ಈಗ ಕೈ ಹಾಕುವ ಹಾಗಿಲ್ಲ, ಬದುಕಿದರೆ ಆರು ವಾರ ಬಿಟ್ಟು ನೋಡೋಣ ಎಂದರು. ಬದುಕಿದರೆ ಎಂದದ್ದು ನನಗೆ ಕೇಳಿಸಬಾರದೆಂದು ತಗ್ಗಿದ ದನಿಯಲ್ಲೇ ಹೇಳಿದ್ದರು. ಕೇಳಿಸಿತು.

ಐಸಿಯು ಹೊರಗೆ ಅಕ್ಕ ಸ್ಟೀಲ್ ಕುರ್ಚಿಯಲ್ಲಿ ಕೂತಿದ್ದಳು. ನನ್ನನ್ನು ಕಂಡದ್ದೇ ಎದ್ದು ಎರಡೂ ಕೈ ಹಿಡಿದುಕೊಂಡಳು. ನೀನು ಒಳಗಿದ್ದೀಯ ಅನ್ನೋದೊಂದೇ ಧೈರ್ಯ ಪುಟ್ಟಿ, ಇಲ್ಲದಿದ್ದರೆ ನನ್ನ ಜೀವ ಇಲ್ಲೇ ಹೋಗ್ತಿತ್ತು ಎಂದಳು. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಡಾಕ್ಟರು ಹಳೆಯ ಕಾಗದಗಳನ್ನೆಲ್ಲ ಕೇಳಿದ್ದಾರೆ, ತರಿಸಿಕೊಡು ಎಂದಷ್ಟೇ ಹೇಳಿ ಕೈ ಬಿಡಿಸಿಕೊಂಡೆ. ಹೇಡಿ ನಾನು, ಅವತ್ತು ಗೊತ್ತಾಯಿತು.

ಮಧ್ಯಾಹ್ನಕ್ಕೆ ಪಕ್ಕದ ಮನೆಯವರು ಒಂದು ಪ್ಲಾಸ್ಟಿಕ್ ಚೀಲ ತಂದುಕೊಟ್ಟರು. ನಮ್ಮ ಆಸ್ಪತ್ರೆಯ ಕಾಗದಗಳ ಕೆಳಗೆ ಬೇರೊಂದು ಆಸ್ಪತ್ರೆಯ ಕವರಿತ್ತು. ಅದರಲ್ಲಿ ಒಂದು ಎಕ್ಸ್‌ರೇ. ಕಿಟಕಿಯ ಬೆಳಕಿಗೆ ಹಿಡಿದೆ. ಅದರಲ್ಲಿ ಎರಡು ಪೈಪು ಇದ್ದವು.

ಒಂದು ಬಲಗಡೆ, ಪಕ್ಕೆಲುಬಿನ ಕೆಳಗೆ, ಗಿಡ್ಡದು, ನಮ್ಮದು. ಇನ್ನೊಂದು ಎಡಗಡೆ, ಉದ್ದನೆಯದು, ಮೂತ್ರಪಿಂಡದಿಂದ ಕೆಳಗಿನ ಮೂತ್ರಚೀಲದ ತನಕ ಇಳಿದದ್ದು. ತಾರೀಕು ನೋಡಿದೆ. ಪಿತ್ತದ ಚೀಲದ ಆಪರೇಷನ್ ಆಗಿ ಒಂದೂವರೆ ತಿಂಗಳಿಗೆ ತೆಗೆದ ಚಿತ್ರ. ಕಾಗದದಲ್ಲಿ ಎಡ ಮೂತ್ರಪಿಂಡದ ಕಲ್ಲು ತೆಗೆದಿದೆ, ಪೈಪು ಹಾಕಿದೆ ಎಂದಿತ್ತು. ಇನ್ನೊಂದು ಕಾಗದದಲ್ಲಿ ಮೂರು ವಾರದ ಮೇಲೆ ಆ ಪೈಪು ತೆಗೆದಿದೆ ಎಂದಿತ್ತು. ಎಡಗಡೆ ನೋಡಲು ಹೊರಟವರು ಬಲಗಡೆ ಇದ್ದದ್ದನ್ನು ಕೇಳಲಿಲ್ಲ. ಭಾವನೂ ಹೇಳಲಿಲ್ಲ. ನನಗೆ ಒಂದು ಮಾತೂ ಗೊತ್ತಿರಲಿಲ್ಲ.

ಅಕ್ಕನನ್ನು ಕೇಳಿದೆ. ಅಯ್ಯೋ, ಅದು ಕೆಳಗಿನ ಕಲ್ಲು ಕಣೇ ಎಂದು ಅಕ್ಕ ಆ ಸ್ಥಿತಿಯಲ್ಲೂ ದನಿ ತಗ್ಗಿಸಿದಳು. ಸೊಂಟ ಹಿಡಿದುಕೊಂಡು ಒದ್ದಾಡಿದರಂತೆ. ನಮ್ಮಲ್ಲಿಗೆ ಬರೋಣವೆಂದರೆ ಸುತರಾಂ ಒಪ್ಪಲಿಲ್ಲವಂತೆ, ಆ ಜಾಗದ ಕಾಯಿಲೆ ತಗೊಂಡು ನಾದಿನಿ ಕೆಲಸ ಮಾಡೋ ಕಡೆ ಹೋಗ್ಲಾ ಅಂದರಂತೆ. ಪೈಪನ್ನು ಮೂತ್ರದ ದಾರಿಯಿಂದ ಎಳೆದರಂತೆ, ಅದಕ್ಕೆ ಯಾರ ಹತ್ತಿರವೂ ಬಾಯಿ ಬಿಡಬೇಡ ಅಂದಿದ್ದರಂತೆ. ಕಾರ್ಡು ಸಿಕ್ಕಿದಾಗ ಪೈಪಿನ ಕೆಲಸ ಮುಗಿದಿದೆ ಅಂತ ನೀನೇ ಅಂದೆಯಲ್ಲ, ನಿನಗೆ ಹೇಗೋ ಗೊತ್ತಾಗಿದೆ ಅಂದುಕೊಂಡೆ ಎಂದಳು.

ಮತ್ತೆ ಮೊದಲನೆಯ ಪೈಪು? ಅದನ್ನೂ ಅಕ್ಕನನ್ನೇ ಕೇಳಿದೆ. ಭಾವ ಆಗಲೇ ಲೆಕ್ಕ ಹಾಕಿಟ್ಟಿದ್ದರಂತೆ. ಟ್ಯಾಂಕನ್ನೇ ಕಿತ್ತು ಹಾಕಿದಮೇಲೆ ಅದಕ್ಕೆ ಕೊಟ್ಟ ಪೈಪು ಯಾಕಿರುತ್ತೆ, ಚೀಲದ ಜೊತೆಗೇ ಅದೂ ಬಂದಿರುತ್ತೆ ಅಂದಿದ್ದರಂತೆ. ಪ್ಲಂಬರಿನ ಲೆಕ್ಕ. ಅವರ ಕೆಲಸದಲ್ಲಿ ಅದು ನೂರಕ್ಕೆ ನೂರು ಸರಿ. ಅವರ ಮಟ್ಟಿಗೆ ತೆಗೆಸಲು ಬಾಕಿಯಿದ್ದದ್ದು ಒಂದೇ ಪೈಪು, ಅದನ್ನು ನಿಜವಾಗಿಯೂ ಹೋದ ವಾರವೇ ತೆಗೆಸಿದ್ದರು; ನಾನು ಫೋನು ಮಾಡಿದಾಗ ಅಕ್ಕ ಅದನ್ನು ನನ್ನ ಕಿವಿಗೆ ಹಾಕಿದ್ದಾಳೆ ಅಂದುಕೊಂಡಿರಬೇಕು. ಸುಳ್ಳು ಒಂದಕ್ಷರ ಹೇಳಿರಲಿಲ್ಲ. ಬಾಯಿಂದ ತೆಗೆದರಾ ಭಾವ, ಎಂದು ನಾನೊಂದು ಮಾತು ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಊರಿಗೆಲ್ಲ ಕೇಳುವ ಪ್ರಶ್ನೆ. ಅವರಿಗೆ ನಾಚಿಕೆ, ನನಗೆ ನಗು.

ಅವತ್ತು ಸಂಜೆ ಪುಸ್ತಕ ತೆಗೆದು ಹಿಂದಿನ ಐದು ವರ್ಷದ ಹಾಳೆಗಳನ್ನೆಲ್ಲ ತಿರುವಿದೆ. ಇನ್ನೆಷ್ಟು ಜನರನ್ನು ಹೀಗೆ ಬಿಟ್ಟಿದ್ದೇನೋ ಎಂದು ಒಂದೊಂದು ಸಾಲಿಗೂ ಬೆರಳಿಟ್ಟು ನೋಡಿದೆ. ಬೇರೆ ಕಡೆ ತೆಗೆಸಿದ್ದೇವೆ ಅಂದವರು ನೂರಾ ಎಂಟು ಜನ. ನೂರಾ ಏಳು ಸಾಲುಗಳಲ್ಲಿ ನಾಲ್ಕೂ ಖಾನೆ ತುಂಬಿದ್ದವು. ಒಂದೇ ಒಂದು ಸಾಲು ಖಾಲಿ. ಅಲ್ಲೇ ಸ್ಟೂಲಿನ ಮೇಲೆ ಕೂತೆ. ಇನ್ನೊಂದಿಬ್ಬರದಾದರೂ ಖಾಲಿ ಇದ್ದಿದ್ದರೆ ಅಜಾಗರೂಕತೆ ಅನ್ನಬಹುದಿತ್ತು.

ಮೂರು ದಿನ ಭಾವನಿಗೆ ಪ್ರಜ್ಞೆ ಹೋಗುವುದು ಬರುವುದು ಆಗುತ್ತಿತ್ತು. ಕಿಡ್ನಿ ಕೈಕೊಡುತ್ತಿದೆ ಎಂದರು, ಆಮೇಲೆ ಇಲ್ಲ, ಪರವಾಗಿಲ್ಲ ಎಂದರು. ಮೂರನೆಯ ದಿನ ಬೆಳಿಗ್ಗೆ ಔಷಧಿಯ ಆಸರೆಯಿಲ್ಲದೆಯೇ ಬಿಪಿ ಸರಿಯಾಗಿ ಉಳಿಯಿತು. ಬದುಕಿದ ಅಂತ ಇಟ್ಕೊಳ್ಳಿ ಎಂದರು ದೊಡ್ಡ ಡಾಕ್ಟರು. ನಾನು ನೇರವಾಗಿ ಅಕ್ಕನ ಹತ್ತಿರ ಹೋದೆ. ಆ ಹೊತ್ತಿನಲ್ಲಿ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎಂದು ನನಗೆ ನನ್ನ ಬಗ್ಗೆ ಗೊತ್ತಿತ್ತು.

ಎಲ್ಲ ಹೇಳಿದೆ. ಫೋನಿನ ಮಾತು, ಹಸಿರು ಗುರುತು, ಎಸೆ ಅಂದ ಕಾರ್ಡು, ಡ್ಯೂಟಿ ಡಾಕ್ಟರ ಬಾಯಿ ಮುಚ್ಚಿಸಿದ್ದು, ಆ ಮೂರು ಗಂಟೆ. ಅಕ್ಕ ಬಯ್ಯುತ್ತಾಳೆ, ಹೊಡೆಯುತ್ತಾಳೆ, ಅಳುತ್ತಾಳೆ, ಯಾವುದಕ್ಕಾದರೂ ಸರಿ ಎಂದು ತಯಾರಾಗಿ ನಿಂತಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಾ ಕೇಳಿದಳು.

"ಬೇರೆಯವರನ್ನೂ ಹೀಗೇ ಕೇಳ್ತೀಯಾ?"

"ಇಲ್ಲಕ್ಕ. ಬೇರೆಯವರನ್ನ ನಾಲ್ಕು ಪ್ರಶ್ನೆ ಕೇಳ್ತೀನಿ. ಕಾಗದ ನೋಡ್ದೆ ಬಿಡಲ್ಲ."

"ಮತ್ತೆ ಇವರನ್ನ?"

"ನಮ್ಮ ಭಾವ ಅಲ್ವಾ ಅಂತ..."

"ಹಂಗಾದ್ರೆ ನಾವು ನಿನಗೆ ಏನೂ ಆಗಿಲ್ದೇ ಇದ್ದಿದ್ರೆ ಇವರು ಚೆನ್ನಾಗಿರ್ತಿದ್ರು."

ಸಿಟ್ಟಿನಿಂದ ಹೇಳಿದ್ದಲ್ಲ. ಅಂಗಡಿಯಲ್ಲಿ ತೂಕ ಸರಿನಾ ಎಂದು ಕೇಳುವ ದನಿಯಲ್ಲಿ ಹೇಳಿದಳು. ನಾನು ಹೌದು ಎಂದೆ. ಹೌದಲ್ಲದೆ ಇನ್ನೇನು ಹೇಳಲಿ?

ಹನ್ನೆರಡನೆಯ ದಿನ ಭಾವ ಮನೆಗೆ ಹೋದರು, ಅರ್ಧ ಆಳಾಗಿ. ಅವರಿಗೂ ನಾನೇ ಹೇಳಿದೆ. ಪೈಪ್ ಪೊಲೀಸಮ್ಮನ ಮನೆಯಲ್ಲೇ ಪೈಪ್ ಕಳ್ಳ ಸಿಕ್ಕಿಬಿದ್ದ ಎಂದು ನಕ್ಕರು, ನಕ್ಕು ಕೆಮ್ಮಿದರು. ತಪ್ಪು ತಮ್ಮದೂ ಇದೆ, ಟ್ಯಾಂಕಿನ ಲೆಕ್ಕ ಎಲ್ಲ ಕಡೆ ನಡೆಯಲ್ಲ ಅಂತ ಈಗ ಗೊತ್ತಾಯಿತು ಎಂದರು. ಅವರು ಹಾಗೇ, ಕೋಪವನ್ನು ಮನೆಗೆ ಕರೆದೊಯ್ಯುವವರಲ್ಲ. ಅಕ್ಕ ಅಲ್ಲೇ ನಿಂತು ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು, ನಮ್ಮ ಮಾತಿಗೆ ಬರಲಿಲ್ಲ. ಆಮೇಲೆ ನಾನು ಮಾಡಿದ ಫೋನುಗಳನ್ನು ಭಾವನೇ ಎತ್ತುತ್ತಿದ್ದರು. ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ, ಅಕ್ಕ ಅಂಗಡಿಗೆ ಹೋಗಿದ್ದಾಳೆ, ಅಕ್ಕನಿಗೆ ತಲೆನೋವು. ಎರಡು ಸಲ ಅವರ ಮನೆಗೇ ಹೋದೆ. ಕುಡಿಯಲು ನೀರು ಕೊಟ್ಟಳು, ಕೂತ್ಕೋ ಎಂದಳು, ಒಳಗೆ ಹೋದಳು.

ಆರು ವಾರಕ್ಕೆ ಪುಸ್ತಕದಲ್ಲಿ ಸಾಲು ಬಂತು. ಹೊಸ ಪೈಪು ತೆಗೆದು, ಒಳಗುಳಿದ ಅರ್ಧ ತುಂಡನ್ನೂ ಕಲ್ಲನ್ನೂ ಒಡೆದು ತೆಗೆಯಬೇಕು. ತಡವಾದರೆ ಮತ್ತೆ ಅದೇ ಕೀವು. ಫೋನು ಮಾಡಬೇಕಾದ ನಂಬರಿನ ಜಾಗದಲ್ಲಿ, ಬಿಡುಗಡೆಯ ದಿನ, ಅಕ್ಕ ತನ್ನ ನಂಬರನ್ನೇ ಬರೆಸಿದ್ದಳು. ಬೆಳಿಗ್ಗೆ ಹತ್ತಕ್ಕೆ ಒತ್ತಿದೆ. ಮೊದಲ ರಿಂಗಿಗೇ ಎತ್ತಿದಳು.

"ಅಕ್ಕ, ನಾನು..."

"ಎಲ್ಲಿಂದ ಮಾತಾಡ್ತಿರೋದು?"

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

"ಎಂಡೋಸ್ಕೋಪಿ ವಿಭಾಗದಿಂದ," ಎಂದೆ.

"ಹೇಳಿ."

ರೋಗಿ ನಿಮಗೆ ಏನಾಗಬೇಕು ಎಂದು ಕೇಳಿದೆ. ಗಂಡ ಎಂದಳು. ಪೈಪು ಎಲ್ಲಿ ಹಾಕಿದ್ದಾರೆ, ಯಾವ ತಾರೀಕು, ಬಾಯಿಂದ ಹಾಕಿದ್ದೋ ಬೇರೆ ದಾರಿಯಿಂದಲೋ ಎಂದು ಒಂದೊಂದಾಗಿ ಕೇಳಿದೆ. ಪಿತ್ತನಾಳದಲ್ಲಿ, ಬಾಯಿಂದ, ಒಂದು ಪೂರ್ತಿ ಪೈಪು, ಇನ್ನೊಂದು ಅರ್ಧ ತುಂಡು ಒಳಗೇ ಇದೆ ಎಂದು ತಾರೀಕಿನ ಸಮೇತ ಹೇಳಿದಳು. ಬೇರೆಲ್ಲಾದರೂ ತೆಗೆಸಿದ್ದೀರಾ? ಇಲ್ಲ. ಮೈಯಲ್ಲಿ ಇನ್ನೆಲ್ಲಿಯಾದರೂ ಪೈಪು ಇದೆಯಾ? ಇಲ್ಲ. ಕಾಗದ ಕೈಯಲ್ಲಿದೆಯಾ? ಇದೆ, ಎಂದಳು, ಕಾಗದದ ಸದ್ದು ಕೇಳಿಸಿತು, ತಾನು ಹೇಳಿದ್ದನ್ನೆಲ್ಲ ಅದರಲ್ಲಿ ನೋಡಿ ಇನ್ನೊಮ್ಮೆ ಓದಿದಳು. ನಾನು ಬರೆದುಕೊಳ್ಳುತ್ತಾ ಹೋದೆ.

"ಗುರುವಾರ ಎಂಟು ಗಂಟೆಗೆ, ಖಾಲಿ ಹೊಟ್ಟೇಲಿ ಕರ್ಕೊಂಡ್ ಬನ್ನಿ," ಎಂದೆ.

ಗುರುವಾರ, ಎಂಟು ಗಂಟೆ, ಖಾಲಿ ಹೊಟ್ಟೆ ಎಂದು ಅವಳು ಒಪ್ಪಿಸಿದಳು. ಸರಿಯಾಗಿದೆಯಾ ಎಂದು ಕೇಳಿದಳು. ಸರಿಯಾಗಿದೆ ಎಂದೆ. ಇನ್ನೇನಾದರೂ ಹೇಳುತ್ತಾಳೇನೋ ಎಂದು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದೆ.

"ಆಯ್ತು ಸಿಸ್ಟರ್," ಎಂದಳು ಅಕ್ಕ.

ಇಪ್ಪತ್ತೊಂದು ವರ್ಷದಲ್ಲಿ ಸಾವಿರಾರು ಜನ ನನ್ನನ್ನು ಹಾ‌ಗೆ ಕರೆದಿದ್ದಾರೆ. ಅಕ್ಕ ಕರೆದದ್ದು ಅದೇ ಮೊದಲು.